ರಾಜನಿಗೂ ಒಂದು ಎಡೆ

ನಮ್ಮ ಅತ್ತೆಯವರ ಬಲಗೈಯ ಹೆಬ್ಬೆರಳು, ತೋರುಬೆರಳು ವರ್ಷದಲ್ಲಿ ಅರ್ಧ ಕಾಲ ಕಪ್ಪಗಿರುತ್ತಿದ್ದವು. ಹೊಗೆಸೊಪ್ಪಿನ ಅಂಟು ಅದು. ಹಸಿ ಎಲೆಯನ್ನು ಗಿಡದಿಂದ ಮುರಿದು ಕಡ್ಡಿಗೆ ಕಟ್ಟುವಾಗ ಅದರ ರಸ ಬೆರಳಿಗೆ ಮೆತ್ತಿ, ಒಣಗಿ, ಟಾರಿನ ಹಾಗೆ ಕೂತುಬಿಡುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಹೆಣ್ಣು ನೋಡಲು ಹುಣಸೂರಿನ ನಮ್ಮ ಮನೆಗೆ ಬಂದ ದಿನ ಆ ಕಪ್ಪು ಬೆರಳುಗಳಲ್ಲೇ ನನ್ನ ಗಲ್ಲ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, "ಫೋಟದಲ್ಲಿ ಸುಮಾರಾಗಿದ್ದೆ ಕಣವ್ವ, ಎದುರ್ಗೆ ಚಂದಾಗಿದ್ದೀಯೆ" ಅಂದುಬಿಟ್ಟರು. ನಮ್ಮಪ್ಪನಿಗೆ ಮುಜುಗರವೋ ಮುಜುಗರ. ನನಗೆ ಮಾತ್ರ ಆ ಹೆಂಗಸು ಅಲ್ಲೇ ಇಷ್ಟವಾಗಿಬಿಟ್ಟರು. ಮೊದಲು ಒಪ್ಪಿದ್ದು ನಿಮ್ಮವ್ವನನ್ನ, ನಿಮ್ಮನ್ನು ಆಮೇಲೆ, ಎಂದು ನಮ್ಮನೆಯವರನ್ನು ಈಗಲೂ ರೇಗಿಸುತ್ತೇನೆ.

ಬೆಟ್ಟದಪುರದ ಹತ್ತಿರದ ಹಳ್ಳಿ ಅವರದು. ಒಂದಿಷ್ಟು ರಾಗಿ, ಉಳಿದದ್ದೆಲ್ಲ ಹೊಗೆಸೊಪ್ಪು. ನಾನು ಮದುವೆಯಾಗಿ ಹೋಗುವಷ್ಟರಲ್ಲಿ ಮಾವ ತೀರಿಹೋಗಿದ್ದರು. ಪಕ್ಕದ ಮನೆಯಲ್ಲೇ ಇದ್ದ ಮಾವನ ತಮ್ಮ, ನಮ್ಮ ಚಿಕ್ಕಮಾವ, ಜೊತೆಗೆ ನಿಂತು ಬೇಸಾಯ ಮಾಡಿಸುತ್ತಿದ್ದರು. ಮಾಡಿಸುತ್ತಿದ್ದರು ಅಂತ ಅವರು ಅಂದುಕೊಂಡಿದ್ದರು ಅಷ್ಟೆ, ಕಾರುಬಾರೆಲ್ಲ ಅತ್ತೆಮ್ಮನದೇ. ಸೊಪ್ಪು ಬೇಯಿಸುವ ಎತ್ತರದ ಮನೆಗೆ ನಮ್ಮ ಕಡೆ ಬ್ಯಾರನ್ ಎನ್ನುತ್ತಾರೆ. ಒಳಗೆ ಸೊಪ್ಪು ಹಳದಿ ತಿರುಗಿತು ಎಂದು ಯಾರಾದರೂ ಬಂದು ಹೇಳಿದರೆ ಅತ್ತೆಮ್ಮನ ಪ್ರಶ್ನೆ ಒಂದೇ: "ನೀನ್ ಕಂಡ್ಯಾ? ಕಣ್ಣಲ್ಲಿ ಕಂಡ್ಯಾ?" ಅವನು ಕಂಡಿದ್ದೇನೆ ಅಂದರೂ ಬಿಡದೆ ಸೆರಗು ಸಿಕ್ಕಿಸಿ ಎದ್ದು ಹೋಗಿ, ತಾವೇ ಇಣುಕಿ ನೋಡಿ ಬರಬೇಕು.

ಊರಿನಲ್ಲಿ ಯಾರದೋ ಮಗಳು ಯಾರ ಜೊತೆಯೋ ಓಡಿಹೋದಳಂತೆ ಎಂದು ಸುದ್ದಿ ತಂದವರಿಗೂ ಅದೇ ಪ್ರಶ್ನೆ. ಸುದ್ದಿ ತಂದವರ ಮುಖ ಹುಳ್ಳಗಾಗುತ್ತಿತ್ತು. ಗಣಪತಿ ಹಾಲು ಕುಡಿಯುತ್ತಾನೆ ಎಂದು ಊರೂರೇ ಚಮಚ ಹಿಡಿದು ಓಡಿದ ದಿನ ಇವರೂ ಒಂದು ಲೋಟ ಹಾಲು ತೆಗೆದುಕೊಂಡು ಹೋಗಿದ್ದರಂತೆ. ದೇವರ ಸೊಂಡಿಲಿಗೆ ಚಮಚ ಹಿಡಿದು, ಕಣ್ಣು ಮಿಟುಕಿಸದೆ ನೋಡಿ, "ನನ್ ಕೈಲಿ ಕುಡೀಲಿಲ್ಲ ಕಣ್ರವ್ವ, ಹೊಟ್ಟೆ ತುಂಬೋಗದೋ ಏನೋ" ಅಂದು, ಹಾಲನ್ನು ಮನೆಗೆ ತಂದು ಕಾಫಿ ಕಾಯಿಸಿ ಕುಡಿದರಂತೆ. ಚಿಕ್ಕಮಾವ ಇದನ್ನು ಹೇಳಿ ಹೇಳಿ ನಗುತ್ತಿದ್ದರು.

ಆದರೆ ಇದೇ ಗುಣ ಒಂದು ಕಡೆ ಅವರನ್ನು ಹಿಂಡಿ ಹಾಕಿತ್ತು. ಅವರಿಗೆ ಇಬ್ಬರು ಗಂಡುಮಕ್ಕಳು. ನಮ್ಮನೆಯವರು ಕಿರಿಯರು. ಹಿರಿಯ ಮಗನನ್ನು, ಅಂದರೆ ನನ್ನ ಭಾವನನ್ನು, ನಾನು ನೋಡಲೇ ಇಲ್ಲ. ಮದುವೆಗೆ ಮುಂಚಿನ ವಯಸ್ಸಿನಲ್ಲಿ ಎನ್. ಬೇಗೂರಿನ ಕಡೆ ಸ್ನೇಹಿತನ ಮನೆಗೆ ಹೋಗಿದ್ದಾಗ, ಮಳೆಗಾಲದಲ್ಲಿ ಕಬಿನಿ ಹಿನ್ನೀರು ದಾಟುವಾಗ ತೆಪ್ಪ ಮಗುಚಿತು. ಜೊತೆಯಲ್ಲಿದ್ದವರು ಈಜಿ ದಡ ಸೇರಿದರು. ಇವರು ಸೇರಲಿಲ್ಲ. ಹುಡುಕಿದ್ದೂ ಹುಡುಕಿದ್ದೇ, ಹೆಣ ಸಿಗಲಿಲ್ಲ.

ನಮ್ಮ ಕಡೆ ಪಿತೃಪಕ್ಷ ಅಂದರೆ ದೊಡ್ಡ ಹಬ್ಬ. ಮನೆಯಲ್ಲಿ ಸತ್ತವರಿಗೆಲ್ಲ ಒಳಗೆ ಒಂದೊಂದು ಬಾಳೆಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಅದನ್ನೂ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಅಂತ. ಇದೇ ಎಡೆ. ನಾನು ಸೊಸೆಯಾಗಿ ಹೋದ ಮೊದಲ ಪಕ್ಷದಲ್ಲಿ ಚಿಕ್ಕಮಾವ ಎಲೆಗಳನ್ನು ಎಣಿಸಿ, ಮೆಲ್ಲಗೆ, "ಅತ್ಗೆಮ್ಮ, ಅಣ್ಣನೂ ಸಾಯೋವಾಗ ಹೇಳಿತ್ತಲ್ಲ, ಆ ಹುಡ್ಗನ್ಗೂ ಒಂದೆಲೆ ಹಾಕ್ಬುಡಿ. ಹಸ್ಕಂಡು ಅಲೀತದೆ" ಅಂದರು.

ಅತ್ತೆಮ್ಮ ಸೌಟು ಕೆಳಗಿಟ್ಟರು. "ನೀನ್ ಕಂಡ್ಯಾ, ಅವ್ನು ಸತ್ತದ್ದ? ಎಣ ಕಂಡ್ಯಾ? ಉಸ್ರು ಇರೋ ಮಗನ್ಗೆ ಎಡೆ ಇಕ್ಕುದ್ರೆ, ನಾನೇ ಕೈಯಾರ ಸಾಯ್ಸ್ದಂಗೆ ಕಣಪ್ಪ."

ಅಷ್ಟಕ್ಕೆ ಮಾತು ನಿಂತಿತು. ಆದರೆ ಅವತ್ತು ಎಲ್ಲರಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂತ ಅವರು ಮುದ್ದೆಯನ್ನು ಮುರಿದರೇ ಹೊರತು ಬಾಯಿಗೆ ಇಡಲಿಲ್ಲ. ನಾನು ಹೊಸಬಳು, ಸುಮ್ಮನಿರಬೇಕಿತ್ತು, ಸುಮ್ಮನಿರದೆ "ಯಾಕತ್ತೆಮ್ಮ?" ಅಂದೆ. "ಇದ್ರೆ ಕೊಂದಂಗಾಯ್ತದೆ. ಇಲ್ದಿದ್ರೆ ಉಪಾಸ ಕೆಡವ್ದಂಗಾಯ್ತದೆ. ಏನ್ ಮಾಡ್ಲವ್ವ ನಾನು?" ಅಂದರು. ಪ್ರತಿ ವರ್ಷ ಹಬ್ಬದ ದಿನ ಅವರು ಉಪವಾಸವೇ ಎಂದು ಆಮೇಲೆ ತಿಳಿಯಿತು. ಎಷ್ಟೋ ಬಗೆಯ ಅಡುಗೆ ಮಾಡಿ, ಎಲ್ಲರನ್ನೂ ಗದರಿಸಿ ಉಣ್ಣಿಸಿ, ತಾವು ಮಾತ್ರ ನೀರು ಕುಡಿದು ಮಲಗುತ್ತಿದ್ದರು.

ನಮ್ಮನೆಯವರು ನೂಲಿನ ಮಿಲ್ಲಿನಲ್ಲಿ ಫಿಟ್ಟರ್. ಮದುವೆಯಾದ ಮರುವರ್ಷ ಅವರಿಗೆ ಈಜಿಪ್ಟಿನಲ್ಲಿ, ಕೈರೋ ಊರಾಚೆಯ ಒಂದು ನೂಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನಾನೂ ಹೋದೆ. ಅಲ್ಲಿ ಬಸುರಾದೆ. ನನ್ನ ತಾಯಿ ನಾನು ಕಾಲೇಜಿನಲ್ಲಿದ್ದಾಗಲೇ ಹೋಗಿದ್ದರು. ಬಾಣಂತನಕ್ಕೆ ಎಲ್ಲಿಗೆ ಹೋಗುವುದು, ಯಾರು ಮಾಡುತ್ತಾರೆ ಎಂದು ನಾನು ಕೂತು ಅಳುತ್ತಿದ್ದರೆ, ಬೆಟ್ಟದಪುರದ ಫೋನ್ ಬೂತಿನಿಂದ ಅತ್ತೆಮ್ಮನ ದನಿ ಸಮುದ್ರ ದಾಟಿ ಬಂತು. "ಅವ್ವ ಇಲ್ದಿದ್ರೆ ಏನಾಯ್ತು, ನಾನ್ ಸತ್ತೋಗಿದ್ದೀನಾ? ನಾನೇ ಬತ್ತೀನಿ. ಎಲ್ಲಾಯ್ತದೆ ಆ ಊರು, ಮಡಿಕೇರಿಯಿಂದ ಆಚ್ಗಾ?"

ಬಂದೇಬಿಟ್ಟರು ಮಹರಾಯ್ತಿ. ಸೊಪ್ಪೆಲ್ಲ ಮಾರಿ ಮುಗಿಸಿ, ಹೊಲವನ್ನು ಚಿಕ್ಕಮಾವನಿಗೆ ಒಪ್ಪಿಸಿ, ರಜೆ ಮುಗಿಸಿ ವಾಪಸಾಗುತ್ತಿದ್ದ ನಮ್ಮನೆಯವರ ಸಹೋದ್ಯೋಗಿಯೊಬ್ಬರ ಬೆನ್ನು ಹಿಡಿದು ವಿಮಾನ ಹತ್ತಿದರು. ಕೈರೋದಲ್ಲಿ ಇಳಿದಾಗ ಅವರ ಚೀಲ ಬಿಚ್ಚಿಸಿದ ಅಧಿಕಾರಿಗೆ ತಲೆ ಕೆಟ್ಟಿತು. ಹರಳೆಣ್ಣೆ, ಸೀಗೆಪುಡಿ, ಬಜೆ, ಸಾಂಬ್ರಾಣಿ, ಬಾಣಂತಿ ಖಾರದ ಪುಡಿ, ಜೊತೆಗೆ ದೊಡ್ಡದೊಂದು ಗಂಟು ರಾಗಿ ಹಿಟ್ಟು. ಅವನು ಹಿಟ್ಟನ್ನು ಬೆರಳಿಂದ ಮುಟ್ಟಿ ಏನೋ ಕೇಳಿದನಂತೆ. ಇವರು ಒಂದು ಹಿಡಿ ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಂಡು, ಕೆಮ್ಮುತ್ತಾ ಅಗಿದು ನುಂಗಿ, ಇನ್ನೊಂದು ಹಿಡಿಯನ್ನು ಅವನ ಮುಂದೆ ಹಿಡಿದು "ತಗೋ, ನೀನೂ ತಿನ್ನು, ಮೈಗೊಳ್ಳೇದು" ಅಂದರಂತೆ. ಅವನು ಕೈಮುಗಿದು ಬಿಟ್ಟು ಕಳಿಸಿದ. ಜೊತೆಯಲ್ಲಿ ಬಂದ ಸಹೋದ್ಯೋಗಿ ನಮ್ಮ ಮನೆ ಬಾಗಿಲಲ್ಲಿ ನಿಂತು ಇದನ್ನು ಹೇಳುವಾಗ ಇನ್ನೂ ಬೆವರುತ್ತಿದ್ದರು.

ನನಗೆ ಹೆಣ್ಣುಮಗು ಹುಟ್ಟಿತು. ಅತ್ತೆಮ್ಮ ಮಾಡಿದ ಬಾಣಂತನವನ್ನು ಏನೆಂದು ಹೇಳಲಿ. ದಿನವೂ ಮೈಗೆ ಹರಳೆಣ್ಣೆ ತಿಕ್ಕಿ, ಹಬೆಯಾಡುವ ನೀರು ಹುಯ್ದು, ತಲೆಗೆ ಸಾಂಬ್ರಾಣಿ ಹೊಗೆ ಕೊಟ್ಟು, ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿ ಕೂರಿಸುವರು. ನಮ್ಮ ಫ್ಲಾಟಿನ ಮೆಟ್ಟಿಲ ತುಂಬ ಸಾಂಬ್ರಾಣಿ ವಾಸನೆ. ಮೊದಲ ದಿನ ನೀರು ಹುಯ್ಯುವಾಗ ನನಗೆ ಅಮ್ಮನ ನೆನಪಾಗಿ ದುಃಖ ತಡೆಯಲಾಗಲಿಲ್ಲ. ಅವರು ಚೊಂಬು ನಿಲ್ಲಿಸಲಿಲ್ಲ. "ಅಳು ಮಗ, ಅಳು. ನೀರುಯ್ಯೋವಾಗ್ಲೇ ಅತ್ತು ಮುಗಿಸ್ಬುಡು, ಆಮ್ಯಾಕೆ ಅತ್ರೆ ಹಾಲ್ ಕೆಡ್ತದೆ" ಅಂದರು. ಅವತ್ತಿನಿಂದ ನನಗೆ ತಾಯಿ ಇಲ್ಲ ಅನ್ನುವ ಮಾತನ್ನು ನಾನು ಯಾರ ಹತ್ತಿರವೂ ಆಡಿಲ್ಲ.

ಒಂದು ಬೆಳಿಗ್ಗೆ ಮಗುವಿನ ಬಟ್ಟೆ ಒಣಹಾಕಲು ತಾರಸಿಗೆ ಹೋದವರು ಧಡಧಡ ಇಳಿದು ಬಂದರು. "ಅದ್ಯಾವ್ ಬೆಟ್ಟ ಕಣವ್ವ, ಅಲ್ಲಿ ದೂರ್ದಲ್ಲಿ? ಮಂಜಿತ್ತಲ್ಲ, ಇಷ್ಟು ದಿನ ಕಂಡಿರ್ಲಿಲ್ಲ."

ಬೆಟ್ಟವಲ್ಲ ಅತ್ತೆಮ್ಮ, ಪಿರಮಿಡ್ಡು, ಹಿಂದಿನ ಕಾಲದ ರಾಜನ ಗೋರಿ ಎಂದೆ. ನಾನು ಹುಣಸೂರಿನ ಕಾಲೇಜಿನಲ್ಲಿ ಬಿ.ಎ.ಗೆ ಚರಿತ್ರೆ ಓದಿದವಳು, ಹೇಳಲು ನಾಲಿಗೆ ತುರಿಸುತ್ತಿತ್ತು.

"ಒಬ್ನಿಗಾ? ಅಷ್ಟೂವೆ?"

"ಒಬ್ಬನಿಗೇ."

"ಕಣ್ಣಲ್ಲಿ ಕಂಡ್ಬುಟ್ಟೇ ಊರ್ಗೆ ಓಯ್ತೀನಿ ಬುಡು" ಅಂದರು.

ಮಗು ಕತ್ತು ನಿಲ್ಲಿಸುವ ಹೊತ್ತಿಗೆ, ಒಂದು ರಜೆಯ ದಿನ ಟ್ಯಾಕ್ಸಿ ಮಾಡಿಕೊಂಡು ಹೊರಟೆವು. ಬುತ್ತಿಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿದ್ದರು. ಟ್ಯಾಕ್ಸಿ ಹತ್ತಿರವಾಗುತ್ತಿದ್ದಂತೆ ತಕರಾರು ಎದ್ದಿತು. "ಹಸುಗೂಸ್ನ ಗೋರಿ ತಾವ್ಕೆ ತಕ್ಕಂಡೋಗೋದಾ? ಲೇ, ನೀನು ಮಗೀನ ಎತ್ಕಂಡು ಇಲ್ಲೇ ಇರ್ಲಾ. ನಾವಿಬ್ರೂ ಓಗಿ ಬತ್ತೀವಿ" ಎಂದು ಮಗನಿಗೆ ಆಜ್ಞೆಯಾಯಿತು. ಅಷ್ಟು ದೂರದಿಂದ ಬಂದು ಪಿರಮಿಡ್ಡಿನ ಮುಂದೆ ನಿಂತ ನಮ್ಮನೆಯವರು ಅದಕ್ಕೆ ಬೆನ್ನು ಹಾಕಿ ಟ್ಯಾಕ್ಸಿಯಲ್ಲಿ ಮಗು ಆಡಿಸುತ್ತಾ ಕೂತರು. ಅವರು ಈವರೆಗೂ ಅದರ ಒಳಗೆ ಹೋಗಿಲ್ಲ.

ಬುಡಕ್ಕೆ ಹೋಗಿ ನಿಂತಾಗ ಅತ್ತೆಮ್ಮ ಒಂದು ಕಲ್ಲಿನ ಪಕ್ಕ ನಿಂತು ಎತ್ತರ ನೋಡಿಕೊಂಡರು. ಒಂದೇ ಕಲ್ಲು ಅವರ ಎದೆಮಟ್ಟ ಬರುತ್ತಿತ್ತು. "ಅಬ್ಬಬ್ಬಾ, ಯಾರಪ್ಪ ಎತ್ತುದ್ರು ಇವ್ನ!" ಎಂದು ಕೈ ಆಡಿಸಿದರು. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟರು. ಬೇಡ, ಯಾರೂ ಬಿಡುವುದಿಲ್ಲ ಅಂದರೆ ಕೇಳಬೇಕಲ್ಲ. ಕಾವಲಿನವನು ಚಪ್ಪಲಿ ತೋರಿಸಿ ಕೂಗಿದ. "ನೋಡ್ಕೊಂಡಿರಪ್ಪ, ಬತ್ತೀವಿ" ಅಂದು ಬಗ್ಗಿ ಒಳಗೆ ನುಗ್ಗಿಯೇಬಿಟ್ಟರು.

ಒಳಗಿನ ದಾರಿ ಇಕ್ಕಟ್ಟು, ಕಡಿದಾದ ಏರು. ನಡು ಬಗ್ಗಿಸಿಕೊಂಡೇ ಹತ್ತಬೇಕು. ನಮ್ಮ ಹಿಂದೆ ಮುಂದೆ ಬೇರೆ ದೇಶದ ಎತ್ತರದ ಜನ ಏದುಸಿರು ಬಿಡುತ್ತಿದ್ದರು. ಅತ್ತೆಮ್ಮ "ಬ್ಯಾರನ್ನಿಗಿಂತ ಸೆಕೆ ಕಮ್ಮಿನೇಯ" ಎನ್ನುತ್ತಾ ಸೀರೆ ಎತ್ತಿಕಟ್ಟಿ ಹತ್ತಿದರು. ಬಾಣಂತಿ ಮೈಯ ನಾನು ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಕೊನೆಗೆ ಸಿಕ್ಕಿದ್ದು ಬರೀ ಕಲ್ಲಿನ ಒಂದು ಕೋಣೆ. ಚಿತ್ರವಿಲ್ಲ, ಅಕ್ಷರವಿಲ್ಲ. ಒಂದು ಮೂಲೆಯಲ್ಲಿ ಮುಚ್ಚಳವಿಲ್ಲದ ಕಲ್ಲಿನ ಪೆಟ್ಟಿಗೆ, ಒಂದು ಕಡೆ ಅಂಚು ಒಡೆದದ್ದು. ಅತ್ತೆಮ್ಮ ಸೀದಾ ಹೋಗಿ ಇಣುಕಿದರು. ನೋಡಿದ್ದು ಸಾಲದೆ ಕೈ ಇಳಿಬಿಟ್ಟು ತಡಕಾಡಿದರು.

"ಖಾಲಿ ಕಣವ್ವ."

"ಹೌದು ಅತ್ತೆಮ್ಮ."

"ಎಣ ಎಲ್ಲೋಯ್ತು?"

"ಗೊತ್ತಿಲ್ಲ. ಕಳ್ಳರು ಹೊತ್ತುಕೊಂಡು ಹೋದರೋ ಏನೋ. ಯಾರಿಗೂ ಸಿಗಲಿಲ್ಲವಂತೆ."

ಅವರು ಪೆಟ್ಟಿಗೆಯ ಅಂಚು ಹಿಡಿದು ನಿಂತೇ ಇದ್ದರು. ನಾನು ದೊಡ್ಡ ಮೇಷ್ಟ್ರಿಣಿಯ ಹಾಗೆ ಶುರುಮಾಡಿದೆ. ಆ ಕಾಲದವರೂ ಸತ್ತವರಿಗೆ ಊಟ ಇಡುತ್ತಿದ್ದರು, ರೊಟ್ಟಿ, ಈರುಳ್ಳಿ, ಬಾತುಕೋಳಿ, ಕುಡಿಯಲು ಬಾರ್ಲಿಯ ಹೆಂಡ, ಎಂದೆ.

"ಎಂಡನೂವೆ?" ಅತ್ತೆಮ್ಮನ ಮುಖ ಅರಳಿತು. "ಮತ್ತೆ ನಮ್ಮೋರೇ ಕಣವ್ವ ಇವ್ರು!" ಆಮೇಲೆ ದನಿ ತಗ್ಗಿತು. "ಎಣನೇ ಇಲ್ದಲೆ ಯಾರ್ಗೆ ಇಕ್ತಾರೆ?"

"ಹೆಣಕ್ಕಲ್ಲ ಅತ್ತೆಮ್ಮ. ಹೆಸರು ಹೇಳಿ ಇಡುತ್ತಿದ್ದರು. ಹೆಸರು ಹಿಡಿದು ಕರೆದರೆ ಎಲ್ಲಿದ್ದರೂ ಬಂದು ಉಣ್ಣುತ್ತಾರೆ ಅಂತ ಅವರ ನಂಬಿಕೆ."

ಹೇಳಿ ಮುಗಿಸಿದ ಮೇಲೆಯೇ ನನಗೆ ಹೊಳೆದದ್ದು, ನಾನು ಯಾರ ಮುಂದೆ ಏನು ಹೇಳಿದೆ ಅಂತ. ಅವರು ನನ್ನ ಕಡೆ ನೋಡಲಿಲ್ಲ. "ಇವ್ನ ಅವ್ವಂದು ಎಲ್ಲೈತೆ?" ಎಂದು ಕೇಳಿದರು. ಪಕ್ಕದಲ್ಲೇ ಅವನ ತಾಯಿಯದು ಅನ್ನುವ ಚಿಕ್ಕ ಪಿರಮಿಡ್ಡೂ ಇದೆ ಎಂದೆ. "ನಡಿ ಅಲ್ಗೆ" ಅಂದರು.

ಹೊರಗೆ ಬಂದು, ಚಪ್ಪಲಿ ಮೆಟ್ಟಿಕೊಂಡು, ಆ ಚಿಕ್ಕ ಪಿರಮಿಡ್ಡಿನ ನೆರಳಿಗೆ ಹೋದೆವು. ಅತ್ತೆಮ್ಮ ಬುತ್ತಿ ಬಿಚ್ಚಿ, ಒಂದು ಚಪ್ಪಟೆ ಕಲ್ಲನ್ನು ಸೆರಗಿನಿಂದ ಒರೆಸಿ, ತಾಯಿಗೊಂದು ಮಗನಿಗೊಂದು ಎಂದು ರೊಟ್ಟಿ ಇಟ್ಟು, ಮೇಲೆ ಚಟ್ನಿಪುಡಿ ಉದುರಿಸಿದರು. ಸುತ್ತ ನೀರು ಬಿಟ್ಟರು. ಆಮೇಲೆ ನನ್ನನ್ನು ಟ್ಯಾಕ್ಸಿಯವನ ಹತ್ತಿರ ಓಡಿಸಿದರು, ಒಂದು ಸಿಗರೇಟು ಬೇಕಂತೆ. "ರಾಜ ಅಂದ್ಮ್ಯಾಕೆ ಬೀಡಿ ಇಕ್ಕಕ್ಕಾಯ್ತದಾ?" ತಂದುಕೊಟ್ಟ ಸಿಗರೇಟನ್ನು ಮೂಗಿಗೆ ಹಿಡಿದು, "ನಮ್ ಸೊಪ್ಪಿನ ಗಮ ಇಲ್ಲ ಬುಡು" ಎಂದು ಮೂತಿ ತಿರುಗಿಸಿ, ರೊಟ್ಟಿಯ ಪಕ್ಕ ಇಟ್ಟರು. ರಾಜನ ಹೆಸರು ಕೇಳಿ, ನಾಲ್ಕು ಸಲ ಹೇಳಿಸಿಕೊಂಡು, ತಮಗೆ ಬಂದ ಹಾಗೆ ಕೂಗಿ ಕರೆದರು. ಕೈಮುಗಿದು ಕಣ್ಣು ಮುಚ್ಚಿದರು.

ಅಷ್ಟರಲ್ಲಿ ಕಾವಲಿನವನೊಬ್ಬ ಬಂದ. ಕಸ ಹಾಕುತ್ತಿದ್ದೇವೆ ಅಂದುಕೊಂಡನೋ ಏನೋ, ಅರಬ್ಬಿಯಲ್ಲಿ ಗದರಿದ. ನಾನು ಹರುಕುಮುರುಕು ಅರಬ್ಬಿಯಲ್ಲಿ "ಊಟ, ರಾಜನಿಗೆ" ಎಂದೆ. ಅವನು ರೊಟ್ಟಿ ನೋಡಿದ, ನಮ್ಮನ್ನು ನೋಡಿದ, ನಕ್ಕುಬಿಟ್ಟ. ನಗುತ್ತಲೇ ಬಗ್ಗಿ ಸಿಗರೇಟು ತೆಗೆದು ಹಚ್ಚಿಕೊಂಡ. "ಅಯ್ಯೋ, ನಿನ್ಗಲ್ಲ ಕಣಪ್ಪ!" ಎಂದು ಅತ್ತೆಮ್ಮ ಕೂಗುವಷ್ಟರಲ್ಲಿ ಎಲ್ಲಿತ್ತೋ ಒಂದು ಬಡಕಲು ನಾಯಿ, ಎರಡು ರೊಟ್ಟಿಯನ್ನೂ ಕಚ್ಚಿಕೊಂಡು ಓಟ ಕಿತ್ತಿತು. ಅತ್ತೆಮ್ಮ ಚಪ್ಪಲಿ ಎತ್ತಿದವರು ಯಾಕೋ ಹಾಗೇ ನಿಂತರು. ನಾಯಿ ಮರಳಿನಲ್ಲಿ ಕೂತು ತಿಂದು ಮುಗಿಸುವ ತನಕ ನೋಡಿದರು. "ಹೊಟ್ಟೆಗಿಲ್ದೆ ಎಷ್ಟು ದಿನ ಆಗಿತ್ತೋ ಪಾಪ, ಉಣ್ಲಿ ಬುಡು" ಅಂದರು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಅತ್ತೆಮ್ಮ ಹಿಂದಕ್ಕೆ ತಿರುಗಿ ಪಿರಮಿಡ್ಡನ್ನೇ ನೋಡುತ್ತಾ ಕೂತರು. ನಮ್ಮನೆಯವರು ಕಣ್ಸನ್ನೆಯಲ್ಲಿ ಏನಾಯಿತು ಎಂದು ಕೇಳುತ್ತಲೇ ಇದ್ದರು, ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಮನೆಗೆ ಬಂದು ಅತ್ತೆಮ್ಮ ಸ್ನಾನ ಮಾಡಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾ, ತಲೆ ಎತ್ತದೆ ಮಗನಿಗೆ ಹೇಳಿದರು:

"ಈ ಸಲ ಪಕ್ಷಕ್ಕೆ ನೀವೂ ಊರ್ಗೆ ಬಂದ್ಬುಡಿ ಕಣ್ಲಾ. ನಿಮ್ಮಣ್ಣನ್ಗೂ ಒಂದೆಲೆ ಹಾಕ್ಮ."

ನಮ್ಮನೆಯವರು ಕೈಯಲ್ಲಿದ್ದ ಬುತ್ತಿಚೀಲ ಕೆಳಗಿಟ್ಟರು.

"ಎಡೆ ಇಕ್ಕುದ್ರೆ ಸಾಯ್ಸ್ದಂಗೆ ಅಂತಿದ್ದೆ. ಅನ್ನ ಇಕ್ಕುದ್ರೆ ಯಾರ್ಲಾ ಸಾಯ್ತಾರೆ? ಆ ರಾಜನ್ ಹೆಸ್ರಲ್ಲಿ ಇಕ್ಕುದ್ದು ನಾಯಿ ಹೊಟ್ಟೆಗೋಯ್ತು, ಆ ಜೀವ ತಣ್ಣಗಾಯ್ತು. ಎಲ್ಲವ್ನೋ ನನ್ ಮಗ. ಇದ್ರೂ ಉಣ್ಲಿ, ಇಲ್ದಿದ್ರೂ ಉಣ್ಲಿ."

ಅಣ್ಣನ ಹೆಸರು ಬಂದರೆ ಎದ್ದು ಹೋಗುತ್ತಿದ್ದ ನಮ್ಮನೆಯವರು ಅವತ್ತು ತಾಯಿಯ ಪಕ್ಕ ಕೂತು, ಚಿಕ್ಕ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಅತ್ತೆಮ್ಮ ಎಣ್ಣೆ ಕೈಯಲ್ಲೇ ಅವರ ಬೆನ್ನು ಸವರಿದರು. ಅಂಗಿಯ ಮೇಲೆ ಆ ಐದು ಬೆರಳಿನ ಕಲೆ ಆಮೇಲೆ ಎಷ್ಟು ಒಗೆದರೂ ಹೋಗಲಿಲ್ಲ.

ಆ ವರ್ಷದ ಪಕ್ಷಕ್ಕೆ ಊರಿಗೆ ಬಂದೆವು. ಅತ್ತೆಮ್ಮ ನಮ್ಮಿಬ್ಬರನ್ನೂ ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋಗಿ, ಎಡೆಗೆ ಇಡಲು ಒಂದು ಪ್ಯಾಂಟು, ಒಂದು ಅಂಗಿ ತೆಗೆದರು. ಅಂಗಡಿಯವನು ಅಳತೆ ಕೇಳಿದ. ಅತ್ತೆಮ್ಮ ನಮ್ಮನೆಯವರನ್ನು ಮುಂದಕ್ಕೆ ತಳ್ಳಿ, "ಇವ್ನಿಗಿಂತ ಒಂಚೂರು ಎತ್ರ" ಅಂದರು. ಅಂಗಡಿಯವನು "ಅವ್ರ್ನೂ ಕರ್ಕೊಂಡ್ಬನ್ನಿ ಅಮ್ಮಾವ್ರೆ, ಹಾಕ್ಕೊಂಡು ನೋಡ್ಲಿ" ಎಂದ. "ಬತ್ತನೆ, ಹಬ್ಬಕ್ಕೆ ಬತ್ತನೆ" ಅಂದರು ಅತ್ತೆಮ್ಮ. ನಾನು ಅಂಗಡಿಯಿಂದ ಹೊರಗೆ ಬಂದುಬಿಟ್ಟೆ.

ಹಬ್ಬದ ದಿನ ಮಾವನ ಎಲೆಯ ಪಕ್ಕ ಹೊಸದೊಂದು ಎಲೆ ಬಿತ್ತು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಕೋಳಿಸಾರು, ಕಜ್ಜಾಯ. ಅತ್ತೆಮ್ಮನೇ ಬಡಿಸಿದರು, ಯಾರನ್ನೂ ಮುಟ್ಟಗೊಡಲಿಲ್ಲ. ಚಿಕ್ಕಮಾವ ಧೂಪ ಹಾಕಿದರು. ಅತ್ತೆಮ್ಮ ಮಗನ ಹೆಸರನ್ನು ಹಿತ್ತಿಲಲ್ಲಿ ಇರುವವನನ್ನು ಊಟಕ್ಕೆ ಕರೆಯುವ ಹಾಗೆ ಎತ್ತರದ ದನಿಯಲ್ಲಿ ಕರೆದರು. ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಂತೆವು. ಎಂದಿನಷ್ಟು ಹೊತ್ತು ಕಳೆದ ಮೇಲೆ ಚಿಕ್ಕಮಾವ ಬಾಗಿಲು ತಟ್ಟಲು ಹೋದರು. ಅತ್ತೆಮ್ಮ ಅಡ್ಡ ಕೈ ಇಟ್ಟರು.

"ಇರಪ್ಪ, ಇರು. ಅವ್ನ್ ಊಟ ನಿಧಾನ."

ಕೊನೆಗೆ ಅವರೇ ಬಾಗಿಲು ತೆರೆದರು. ಅವತ್ತು ಅತ್ತೆಮ್ಮ ನಮ್ಮ ಜೊತೆ ಕೂತು ಉಂಡರು. ಎರಡನೇ ಸಲ ಸಾರು ಹಾಕಿಸಿಕೊಂಡರು.

ಕೆಲವು ವರ್ಷ ಕಳೆದು ನಾವು ಈಜಿಪ್ಟ್ ಬಿಟ್ಟು ಊರಿಗೇ ಬಂದೆವು. ಆಮೇಲೆ ಬಹಳ ಕಾಲ ಒಂದೇ ಒಲೆಯಲ್ಲಿ ಬೇಯಿಸಿ ಉಂಡೆವು, ಜಗಳವಾಡಿದೆವು, ನಕ್ಕೆವು. ಒಂದು ಬೆಳಿಗ್ಗೆ ಹೊಲದ ಕಡೆ ಹೋಗಿ ಬಂದವರು "ಒಂದ್ಲೋಟ ಕಾಫಿ ಕೊಡವ್ವ" ಎಂದು ಜಗಲಿಯಲ್ಲಿ ಕೂತರು. ನಾನು ತರುವಷ್ಟರಲ್ಲಿ ಕಂಬಕ್ಕೆ ಒರಗಿದ್ದರು. ಕರೆದರೆ ಮಾತಿಲ್ಲ. ತಾಯಿ ಸತ್ತಾಗ ನಾನು ಎಷ್ಟು ಅತ್ತೆನೋ, ಅದಕ್ಕಿಂತ ಹೆಚ್ಚು ಅತ್ತೆ. ಅವರು ನನ್ನ ಮೈಗೆ ಹುಯ್ದ ನೀರಿನ ಋಣವೊಂದೇ ನನ್ನಿಂದ ಈ ಜನ್ಮದಲ್ಲಿ ತೀರುವಂಥದ್ದಲ್ಲ.

ಈಗ ಪಕ್ಷದಲ್ಲಿ ಎಡೆ ಬಡಿಸುವವಳು ನಾನು. ಅವರ ಎಲೆಯನ್ನು ಭಾವನ ಎಲೆಯ ಪಕ್ಕಕ್ಕೇ ಹಾಕುತ್ತೇನೆ. ನನ್ನಷ್ಟೇ ಉದ್ದ ಬೆಳೆದ ಮಗಳು ಬಾಗಿಲ ಹೊರಗೆ ನಿಂತು "ಅಮ್ಮ, ತೆಗಿ, ಹಸಿವು" ಎಂದು ಪೀಡಿಸುತ್ತಾಳೆ. ಇನ್ನೂ ಸ್ವಲ್ಪ ಹೊತ್ತು ಇರು ಮಗ, ಎನ್ನುತ್ತೇನೆ. ಮಗ ಉಂಡು ಎಲೆ ಮಡಿಸುವ ತನಕ ಆ ತಾಯಿ ತನ್ನ ಎಲೆಗೆ ಕೈ ಹಾಕುವವಳಲ್ಲ.